ಮೌಯಿಯಲ್ಲಿ ಸಂಜೆಯ ತಿಮಿಂಗಿಲ ಕ್ರೂಸ್: ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗಬಹುದಾ, ಇಲ್ಲ ಬೆಳಿಗ್ಗೆಯೇ ವಾಸಿಯಾ?

ತೀರ್ಥಹಳ್ಳಿ_ಟು_ಸನಿವೇಲ್:

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಪ್ರೆಸಿಡೆಂಟ್ಸ್ ಡೇ ರಜೆಗೆ ಹವಾಯಿಯ ಮೌಯಿ ದ್ವೀಪಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಆರು ವರ್ಷದ ಮಗಳು, ಜೊತೆಗೆ ಊರಿಂದ ಬಂದಿರುವ ಅಪ್ಪ ಅಮ್ಮ. ಉಳಿದುಕೊಳ್ಳುವುದು ಕೀಹೇಯಲ್ಲಿ. ಟಿಕೆಟ್, ರೂಮು, ಕಾರು ಎಲ್ಲ ಬುಕ್ ಆಗಿದೆ. ತಿಮಿಂಗಿಲ ನೋಡುವ ಬೋಟ್ ಒಂದು ಬಾಕಿ.

ಅಪ್ಪನಿಗೆ ಇದು ಬಹಳ ದಿನದ ಆಸೆ. ಮೇಷ್ಟರಾಗಿದ್ದವರು. ತಿಮಿಂಗಿಲ ಮೀನಲ್ಲ, ಮರಿಗೆ ಹಾಲು ಕೊಡುವ ಸಸ್ತನಿ ಅಂತ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ್ದಾರೆ, ಒಂದನ್ನೂ ಕಣ್ಣಾರೆ ನೋಡಿಲ್ಲ. ಹಾಗಾಗಿ ಸುಮ್ನೆ ಹೋಗಿ ಬಂದ ಹಾಗೆ ಆಗಬಾರದು, ಚೆನ್ನಾಗಿ ನೋಡಬೇಕು ಅಂತ ನನಗೆ.

ಹಾಯಿ ಇರುವ ಯಾಚ್‌ನಲ್ಲಿ ಸಂಜೆ ಎರಡು ಗಂಟೆ ಸುತ್ತಿಸಿ, ಸೂರ್ಯ ಮುಳುಗುವುದನ್ನೂ ತೋರಿಸಿ ವಾಪಸ್ ಕರೆತರುವ ಟ್ರಿಪ್‌ಗಳು ಕಂಡವು. ಫೋಟೋ ನೋಡಿದರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಬೆಳಗಿನ ಟ್ರಿಪ್‌ಗಿಂತ ರೇಟು ಜಾಸ್ತಿ, ಡ್ರಿಂಕ್ಸ್ ಮತ್ತು ತಿಂಡಿ ಅದರಲ್ಲೇ ಸೇರಿದೆ. ನಮಗೆ ಡ್ರಿಂಕ್ಸ್ ಬೇಕಿಲ್ಲ, ತಿಂಡಿಯಲ್ಲೂ ನಾವು ತಿನ್ನುವಂಥದ್ದು ಏನಿರುತ್ತದೋ ಗೊತ್ತಿಲ್ಲ, ಅಪ್ಪ ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ನನ್ನ ಚಿಂತೆ ಇಷ್ಟು. ಸಂಜೆ ಹೊತ್ತಿನಲ್ಲಿ ತಿಮಿಂಗಿಲ ಕಾಣುವಷ್ಟು ಬೆಳಕು ಇರುತ್ತದಾ? ಅಮ್ಮನಿಗೆ ಆಗುಂಬೆ ಘಾಟಿಯಲ್ಲಿ ಬಸ್ಸು ಎರಡು ತಿರುವು ತಿರುಗಿದರೆ ಸಾಕು ವಾಂತಿ ಬರುತ್ತದೆ, ಮಂಡಿ ನೋವೂ ಇದೆ. ಅವರನ್ನು ಕರೆದುಕೊಂಡು ಹೋಗುವುದು ಸರಿಯಾ? ಯಾಚ್ ಒಳ್ಳೆಯದೋ, ಎರಡು ಒಡಲು ಜೋಡಿಸಿದ ಕ್ಯಾಟಮರಾನ್ ಬೋಟ್ ಒಳ್ಳೆಯದೋ? ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ, ಉದ್ದ ಆದರೂ ಪರವಾಗಿಲ್ಲ.

ಕೀಹೇಯ_ಹಳಬ:

ಕೆಲಸದ ಮೇಲೆ ಕೀಹೇಯಲ್ಲೇ ಕೆಲವು ವರ್ಷ ಇದ್ದೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು, ತಿಂಗಳು ಸರಿಯಾಗಿ ಆರಿಸಿದ್ದೀರಿ. ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯೆಲ್ಲ ಅಲಾಸ್ಕಾದ ತಣ್ಣನೆ ನೀರಿನಲ್ಲಿ ಮೇಯ್ದು, ಚಳಿಗಾಲಕ್ಕೆ ಸುಮಾರು 4,800 ಕಿಲೋಮೀಟರ್ ಈಜಿ ಹವಾಯಿಗೆ ಬರುತ್ತವೆ. ಇಲ್ಲಿ ಬರುವುದು ಊಟಕ್ಕಲ್ಲ, ಜೋಡಿಯಾಗಲು ಮತ್ತು ಮರಿ ಹಾಕಲು. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಸೀಸನ್, ಜನವರಿಯಿಂದ ಮಾರ್ಚ್ ಭರ್ತಿ. ಮೌಯಿ, ಲನಾಯಿ, ಮೊಲೊಕಾಯಿ, ಕಹೊಲಾವೆ, ಈ ನಾಲ್ಕು ದ್ವೀಪಗಳ ನಡುವಿನ ಸಮುದ್ರ ಹೆಚ್ಚು ಆಳ ಇಲ್ಲ, ಸುತ್ತ ನೆಲ ಇರುವುದರಿಂದ ದೊಡ್ಡ ಅಲೆಯೂ ಕಡಿಮೆ. ಮರಿ ಕಟ್ಟಿಕೊಂಡ ತಾಯಂದಿರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಫೆಬ್ರವರಿಯಲ್ಲಿ ಬೋಟ್ ಹತ್ತಿದರೆ ತಿಮಿಂಗಿಲ ಕಾಣುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಹೆಚ್ಚುಕಡಿಮೆ ಇಲ್ಲ. ಎಷ್ಟು ಹೊತ್ತು, ಯಾವ ಬೆಳಕಿನಲ್ಲಿ, ಎಂಥ ಅಲೆಯ ಮೇಲೆ ನಿಂತು ನೋಡುತ್ತೀರಿ ಅನ್ನುವುದಷ್ಟೇ ಪ್ರಶ್ನೆ.

ಈಗ ಗಾಳಿಯ ವಿಷಯ. ಇದನ್ನು ಬುಕಿಂಗ್ ಪೇಜಿನಲ್ಲಿ ಯಾರೂ ಹೇಳುವುದಿಲ್ಲ, ಆದರೆ ನಿಮ್ಮ ಅಮ್ಮನ ಮಟ್ಟಿಗೆ ಮುಖ್ಯ ಇದೇ. ಮೌಯಿಯಲ್ಲಿ ಎರಡು ಬೆಟ್ಟ ಇವೆ. ಒಂದು ಕಡೆ 3,055 ಮೀಟರ್ ಎತ್ತರದ ಹಲೆಯಾಕಲಾ, ಇನ್ನೊಂದು ಕಡೆ ಪಶ್ಚಿಮ ಮೌಯಿಯ ಬೆಟ್ಟಸಾಲು. ನಡುವೆ ತಗ್ಗು ಬಯಲು. ಈಶಾನ್ಯದಿಂದ ಬೀಸುವ ಗಾಳಿ ಆ ಸಂದಿಯಲ್ಲಿ ನುಗ್ಗಿ ರಭಸ ಹೆಚ್ಚಿಸಿಕೊಂಡು ಹೊರಗೆ ಬರುವುದು ಸರಿಯಾಗಿ ಮಾಲಾಯಾ ಬಂದರಿನ ಹತ್ತಿರ. ಕೀಹೇಯಿಂದ ನಿಮಗೆ ಹತ್ತಿರದ ಬಂದರು ಅದೇ, ಹೆಚ್ಚಿನ ಬೋಟುಗಳೂ ಅಲ್ಲಿಂದಲೇ ಹೊರಡುತ್ತವೆ. ಬೆಳಿಗ್ಗೆ ಏಳೆಂಟು ಗಂಟೆಗೆ ನೀರು ಸಾಮಾನ್ಯವಾಗಿ ಶಾಂತ. ನೆಲ ಕಾದಂತೆ ಗಾಳಿ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲೆಯ ನೆತ್ತಿಯಲ್ಲೆಲ್ಲ ಬಿಳಿ ನೊರೆ. ಹಾಗಾದಾಗ ಎರಡು ತೊಂದರೆ. ಬೋಟು ಕುಣಿಯುತ್ತದೆ, ಮತ್ತು ಅಷ್ಟೊಂದು ಬಿಳಿ ನೊರೆಯ ನಡುವೆ ತಿಮಿಂಗಿಲದ ಉಸಿರು ಯಾವುದು, ಅಲೆಯ ನೊರೆ ಯಾವುದು ಅಂತ ಹುಡುಕುವುದೇ ಕಷ್ಟ ಆಗುತ್ತದೆ.

ಸಂಜೆ ಟ್ರಿಪ್ ಮಾಡಲೇಬೇಕು ಅಂದರೆ ಕಾನಾಪಲಿ ಬೀಚಿನಿಂದ ಹೊರಡುವುದು ವಾಸಿ. ಅದು ಪಶ್ಚಿಮ ಬೆಟ್ಟದ ಮರೆಯಲ್ಲಿದೆ, ಗಾಳಿ ಕಡಿಮೆ. ಆದರೆ ಅಲ್ಲಿ ಜೆಟ್ಟಿ ಇಲ್ಲ. ಕ್ಯಾಟಮರಾನ್ ಮರಳಿನ ತನಕ ಮೂತಿ ತಂದು ನಿಲ್ಲುತ್ತದೆ, ನಾವು ಚಪ್ಪಲಿ ಬಿಚ್ಚಿ ಮಂಡಿ ತನಕ ನೀರಿಗಿಳಿದು, ಅಲೆ ಹಿಂದೆ ಸರಿದ ಹೊತ್ತು ನೋಡಿ ಮೆಟ್ಟಿಲು ಹತ್ತಬೇಕು. ಹುಡುಗರು ಕೈ ಹಿಡಿದು ಹತ್ತಿಸುತ್ತಾರೆ ನಿಜ, ಆದರೂ ಮಂಡಿ ನೋವಿರುವವರಿಗೆ, ಅದರಲ್ಲೂ ಸೀರೆ ಉಟ್ಟವರಿಗೆ ಅದು ಸುಲಭ ಅಲ್ಲ. ಲಹೈನಾ ಬಂದರು 2023ರ ಆಗಸ್ಟ್ 8ರ ಬೆಂಕಿಯಲ್ಲಿ ಸುಟ್ಟು ಹೋಯಿತು, ಮುಂಚೆ ಅಲ್ಲಿಂದ ಹೊರಡುತ್ತಿದ್ದ ಎಷ್ಟೋ ಬೋಟುಗಳು ಬೇರೆ ಕಡೆ ಹೋಗಬೇಕಾಯಿತು. ಹಳೇ ರಿವ್ಯೂ ಓದಿ ಜಾಗ ತೀರ್ಮಾನ ಮಾಡಬೇಡಿ, ಎಲ್ಲಿಂದ ಹತ್ತಬೇಕು ಅಂತ ಫೋನ್ ಮಾಡಿ ಕೇಳಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅಪ್ಪನಿಗೆ ತಿಮಿಂಗಿಲ ಚೆನ್ನಾಗಿ ತೋರಿಸಬೇಕು ಅನ್ನುವುದೇ ಮುಖ್ಯವಾದರೆ ಮಾಲಾಯಾದಿಂದ ಬೆಳಗಿನ ಮೊದಲ ಟ್ರಿಪ್, ದೊಡ್ಡ ಕ್ಯಾಟಮರಾನ್. ಜೆಟ್ಟಿಯಿಂದ ನಡೆದುಕೊಂಡೇ ಹತ್ತಬಹುದು, ಟಾಯ್ಲೆಟ್ ಇರುತ್ತದೆ, ಕೂರಲು ನೆರಳಿರುತ್ತದೆ. ಸಂಜೆಯದು ಸಮುದ್ರ ಮತ್ತು ಆಕಾಶ ನೋಡುವ ಟ್ರಿಪ್, ತಿಮಿಂಗಿಲ ಅದರ ಜೊತೆಗೆ ಸಿಗುವುದು.

ಫಾಸ್ಟರ್‌ಸಿಟಿ_ಅಕ್ಕ:

ಮೇಲಿನವರು ಗಾಳಿಯ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಸಂಜೆಯದು ಬರೀ ಆಕಾಶ ನೋಡುವ ಟ್ರಿಪ್ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾವು ಅತ್ತೆ ಮಾವನ ಜೊತೆ ಕಾನಾಪಲಿಯಿಂದ ಸಂಜೆಯ ಕ್ಯಾಟಮರಾನ್‌ನಲ್ಲಿ ಹೋಗಿದ್ದೆವು, ಅದೂ ಫೆಬ್ರವರಿಯೇ. ಸೂರ್ಯ ಲನಾಯಿ ದ್ವೀಪದ ಕಡೆ ಇಳಿಯುತ್ತಿದ್ದ, ತಿಮಿಂಗಿಲ ನಮಗೂ ಸೂರ್ಯನಿಗೂ ನಡುವೆ ಎದ್ದಿತು. ಅದು ಉಸಿರು ಬಿಟ್ಟಾಗ ನಾಲ್ಕೈದು ಮೀಟರ್ ಎತ್ತರ ಹಾರುವ ಹನಿ ಪೂರ್ತಿ ಬೆಳಕು ಹಿಡಿದುಕೊಂಡು ಹೊಳೆಯಿತು, ಆಮೇಲೆ ಗಾಳಿಗೆ ಓರೆಯಾಗಿ ಸರಿದು ನಿಧಾನಕ್ಕೆ ಕರಗಿತು. ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟದು, ಅಷ್ಟೇನೂ ಎತ್ತರ ಇಲ್ಲದ್ದು. ಮರಿ! ಮಾವನವರು ಉಡುಪಿ ಕಡೆಯವರು, ಹುಟ್ಟಿದಾಗಿನಿಂದ ಸಮುದ್ರ ನೋಡಿದವರು, ಅವರೂ ಕಂಬಿ ಹಿಡಿದುಕೊಂಡು ಮಾತಾಡದೆ ನಿಂತುಬಿಟ್ಟರು. ಹೀಗೆ ಎದುರು ಬೆಳಕಿದ್ದರೆ ಬಹಳ ದೂರದ ಉಸಿರೂ ಕಾಣುತ್ತದೆ, ಆದ್ದರಿಂದ ಸಂಜೆ ಹುಡುಕುವುದೇ ಕಷ್ಟ ಅಂತ ಏನೂ ಇಲ್ಲ.

ಒಂದು ಮಾತು ಮಾತ್ರ ನಿಜ. ಸೂರ್ಯ ಮುಳುಗಿದ ಮೇಲೆ ಬೆಳಕು ಬೇಗ ಹೋಗುತ್ತದೆ. ನಿಮ್ಮ ದಿನಗಳಲ್ಲಿ ಸೂರ್ಯಾಸ್ತ ಆರೂವರೆಗೆ ಸ್ವಲ್ಪ ಮುಂಚೆ. ಬೋಟ್ ಐದೂವರೆಗೆ ಹೊರಡುತ್ತದೆ ಅಂದರೆ ತಿಮಿಂಗಿಲಕ್ಕೆ ಸಿಗುವುದು ಗಟ್ಟಿಯಾಗಿ ಒಂದು ಗಂಟೆಯೂ ಇಲ್ಲ. ನಾಲ್ಕೂವರೆಗೇ ಬಿಡುವಂಥದ್ದನ್ನು ಹುಡುಕಿ.

ಮತ್ತೆ, ಸಂಜೆ ಬೋಟುಗಳಲ್ಲಿ ಎರಡು ಜಾತಿ ಇವೆ. ಒಂದು, ಪಾರ್ಟಿ ಬೋಟ್. ಜೋರಾಗಿ ಹಾಡು, ಬಾರು, ತಿಮಿಂಗಿಲ ಬಂದರೂ ಬೆನ್ನು ತಿರುಗಿಸಿ ಸೆಲ್ಫಿ. ಇನ್ನೊಂದು, ವಿವರ ಹೇಳುವ ನ್ಯಾಚುರಲಿಸ್ಟ್ ಇರುವ, ಹೈಡ್ರೋಫೋನ್ (ನೀರಿನೊಳಗಿನ ಸದ್ದು ಕೇಳಿಸುವ ಮೈಕ್) ಇರುವ ಬೋಟ್. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಹೈಡ್ರೋಫೋನ್ ಇದೆಯಾ ಅಂತ ಕೇಳಿ, ಆ ಒಂದೇ ಪ್ರಶ್ನೆಯಲ್ಲಿ ಯಾವ ಜಾತಿ ಅಂತ ಗೊತ್ತಾಗುತ್ತದೆ. ನಮ್ಮ ಬೋಟಿನಲ್ಲಿ ಕ್ಯಾಪ್ಟನ್ ಎಂಜಿನ್ ಪೂರ್ತಿ ಆಫ್ ಮಾಡಿ, ಮೈಕನ್ನು ನೀರಿಗೆ ಇಳಿಬಿಟ್ಟು ಸ್ಪೀಕರ್ ಹಾಕಿದರು. ಕೆಳಗೆ ಗಂಡು ತಿಮಿಂಗಿಲಗಳು ಹಾಡುತ್ತಿದ್ದವು. ಹಳೇ ತೊಟ್ಟಿಮನೆಯ ದೊಡ್ಡ ಬಾಗಿಲು ಕಿರುಗುಟ್ಟಿದ ಹಾಗೆ ಶುರುವಾಗಿ, ನಡುವೆ ತೆಳ್ಳಗೆ ಮೇಲಕ್ಕೆ ಹೋಗಿ, ಮತ್ತೆ ಗುಡುಗುಡು ಅಂತ ಕೆಳಗಿಳಿಯುವ ದನಿ. ಹತ್ತು ಇಪ್ಪತ್ತು ನಿಮಿಷದ ಹಾಡನ್ನು ಅವು ಗಂಟೆಗಟ್ಟಲೆ ತಿರುಗಿ ತಿರುಗಿ ಹಾಡುತ್ತವೆ. ಒಂದು ಸೀಸನ್ನಿನಲ್ಲಿ ಅಲ್ಲಿರುವ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡು ಹಾಡುತ್ತವೆ, ವರ್ಷದಿಂದ ವರ್ಷಕ್ಕೆ ಅದು ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಬೆಳಕು ಹೋದ ಮೇಲೂ ಕೇಳಿಸುವುದಕ್ಕೇನೂ ಅಡ್ಡಿ ಇಲ್ಲ. ಮೇಷ್ಟರಾಗಿದ್ದವರಿಗೆ ಇದನ್ನು ಕೇಳಿಸಲೇಬೇಕು.

ಊಟದ ವಿಷಯ: ಸಂಜೆ ಬೋಟಿನಲ್ಲಿ ಕೊಡುವುದು ಪೂಪು ಅಂತ ಸಣ್ಣ ಸಣ್ಣ ತಿಂಡಿ. ಹೆಚ್ಚಿನವು ಕೋಳಿ, ಸಿಗಡಿ. ಮುಂಚೆ ಹೇಳಿದ್ದಕ್ಕೆ ನಮಗೆ ಹಣ್ಣು, ಚಿಪ್ಸ್, ಹಮ್ಮಸ್ ಇಟ್ಟಿದ್ದರು. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ. ರೂಮಿನಲ್ಲೇ ಎರಡು ಚಪಾತಿ ತಿನ್ನಿಸಿ ಕರೆದುಕೊಂಡು ಹೋಗಿ. ಮತ್ತೆ ಶಾಲು, ಸ್ವೆಟರ್, ಅಪ್ಪನಿಗೆ ಮಫ್ಲರ್ ಇಟ್ಟುಕೊಳ್ಳಿ. ಹವಾಯಿ ಅಂತ ಎಲ್ಲರೂ ತೆಳು ಬಟ್ಟೆಯಲ್ಲಿ ಬರುತ್ತಾರೆ, ಸೂರ್ಯ ಮುಳುಗಿದ ಮೇಲೆ ಒದ್ದೆ ಡೆಕ್ಕಿನ ಮೇಲೆ ಬೀಸುವ ಗಾಳಿಗೆ ನಡುಗುತ್ತಾರೆ.

ಮಾತ್ರೆ_ಡಬ್ಬಿ:

ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ, ಅಮ್ಮನ ವಾಂತಿ ವಿಷಯಕ್ಕೆ ಮಾತ್ರ ಉತ್ತರ.

ಘಾಟಿಯಲ್ಲಿ ವಾಂತಿ ಬರುವವರಿಗೆ ಬೋಟಿನಲ್ಲೂ ಬರುವ ಸಾಧ್ಯತೆ ಜಾಸ್ತಿ, ಕಾರಣ ಒಂದೇ. ಕಿವಿಯೊಳಗಿನ ಸಮತೋಲದ ಅಂಗ ಅಲುಗಾಡುತ್ತಿದ್ದೇವೆ ಅನ್ನುತ್ತದೆ, ಕಣ್ಣು ಎದುರಿನ ಸೀಟು ನೋಡಿ ಇಲ್ಲ ಅನ್ನುತ್ತದೆ, ಮಿದುಳಿಗೆ ಗೊಂದಲ. ಬೋಟಿನ ಅನುಕೂಲ ಏನೆಂದರೆ ನೋಡಲು ದಿಗಂತ ಇದೆ. ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ, ಹೊರಗಿನ ಗಾಳಿ ಬರುವ ಕಡೆ ಕೂರಿಸಿ. ಮುಂದಿನ ಮೂತಿಯಲ್ಲಿ ಕುಲುಕಾಟ ಹೆಚ್ಚು, ಮೇಲಿನ ಡೆಕ್ಕಿನಲ್ಲಿ ಓಲಾಟ ಹೆಚ್ಚು, ಮುಚ್ಚಿದ ಕ್ಯಾಬಿನ್ ಅಂತೂ ಬೇಡವೇ ಬೇಡ. ಫೋನಿನ ಸ್ಕ್ರೀನ್ ನೋಡದಿರಲಿ, ದುರ್ಬೀನನ್ನೂ ಒಂದೇ ಸಮನೆ ಕಣ್ಣಿಗೆ ಹಿಡಿಯದಿರಲಿ.

ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಊರಿಂದ ತಂದ ಅವೋಮಿನ್ ಇರಬಹುದು, ಇಲ್ಲಿ ಚೀಟಿ ಇಲ್ಲದೆ ಮೆಕ್ಲಿಜಿನ್ ಸಿಗುತ್ತದೆ. ಎರಡೂ ನಿದ್ದೆ ಬರಿಸುತ್ತವೆ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಗ್ಲಾಕೋಮಾ ಇದ್ದರೆ, ಗಂಡಸರಿಗೆ ಪ್ರಾಸ್ಟೇಟ್ ತೊಂದರೆ ಇದ್ದರೆ, ಬೇರೆ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಕಿವಿ ಹಿಂದೆ ಅಂಟಿಸುವ ಪ್ಯಾಚ್ ವಯಸ್ಸಾದವರಿಗೆ ಬೇಡ, ಕೆಲವರಿಗೆ ಗಲಿಬಿಲಿ ಆಗುತ್ತದೆ, ಬಾಯಿ ಒಣಗುತ್ತದೆ. ಮೆಕ್ಲಿಜಿನ್ 12 ವರ್ಷದೊಳಗಿನ ಮಕ್ಕಳಿಗೆ ಅಲ್ಲ, ಮಗಳಿಗೆ ಬೇಕಾದರೆ ಮಕ್ಕಳ ಔಷಧಿಯನ್ನೇ ಕೇಳಿ ತೆಗೆದುಕೊಳ್ಳಿ. ಶುಂಠಿ ಮುರಬ್ಬ ಇದ್ದರೆ ಜೇಬಲ್ಲಿರಲಿ, ಸ್ವಲ್ಪ ಸಹಾಯ ಆಗುತ್ತದೆ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವ ಹಾಗೆ ತಿಂದೂ ಹೋಗಬೇಡಿ. ಮೇಲಿನ ಅಕ್ಕ ಹೇಳಿದ ಎರಡು ಚಪಾತಿ ಸರಿಯಾದ ಲೆಕ್ಕ.

ಕಾರವಾರದ_ಕಡಲು:

ಬೆಳಿಗ್ಗೆಯೋ ಸಂಜೆಯೋ ನಿಮ್ಮ ಇಷ್ಟ. ನನಗೆ ಬೇರೆ ಒಂದು ವಿಷಯ ಹೇಳಬೇಕಿದೆ, ಯಾಕೆಂದರೆ ಇಂಥ ಚರ್ಚೆಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ.

ಹವಾಯಿಯಲ್ಲಿ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ, ಅಂದರೆ ಸುಮಾರು 91 ಮೀಟರ್. ಅದು ಕಾನೂನು. ಬೋಟಿಗೂ ಅಷ್ಟೇ, ಈಜುವವರಿಗೂ ಅಷ್ಟೇ. ನೂರು ಗಜದ ಆಚೆ ಕ್ಯಾಪ್ಟನ್ ನಿಲ್ಲಿಸಿದಾಗ ಜನ ಇನ್ನೂ ಹತ್ತಿರ ಹೋಗಿ ಅಂತ ಕೂಗುತ್ತಾರೆ, ದುಡ್ಡು ಕೊಟ್ಟಿದ್ದೇವೆ ಅನ್ನುತ್ತಾರೆ. ದಯವಿಟ್ಟು ನೀವು ಆ ಗುಂಪಿಗೆ ಸೇರಬೇಡಿ. ಆ ತಾಯಿ ಅಲಾಸ್ಕಾ ಬಿಟ್ಟ ಮೇಲೆ ಹೆಚ್ಚುಕಡಿಮೆ ಏನೂ ತಿಂದಿರುವುದಿಲ್ಲ. ಮೈಯ ಕೊಬ್ಬನ್ನೇ ಕರಗಿಸಿ ಮರಿಗೆ ಹಾಲು ಕೊಡುತ್ತಿರುತ್ತಾಳೆ, ವಾಪಸ್ ಹೋಗುವಷ್ಟರಲ್ಲಿ ಮೈ ತೂಕದ ಮೂರನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳಬಹುದು. ಬೋಟು ಬೆನ್ನು ಹತ್ತಿದರೆ ಅವಳು ಓಡಬೇಕು. ಓಡುವುದಕ್ಕೂ ಅದೇ ಕೊಬ್ಬು ಖರ್ಚಾಗಬೇಕು, ಅಲಾಸ್ಕಾ ಮುಟ್ಟುವ ತನಕ ಅದನ್ನು ತುಂಬಿಸಲು ದಾರಿ ಇಲ್ಲ.

ಆದರೆ ತಿಮಿಂಗಿಲ ತಾನಾಗಿ ಬಂದರೆ ಕಥೆ ಬೇರೆ. ಕೆಲವೊಮ್ಮೆ ಅವು ಕುತೂಹಲಕ್ಕೆ ಬೋಟಿನ ಪಕ್ಕಕ್ಕೇ ಬರುತ್ತವೆ, ಅಡಿಯಿಂದ ಈಜುತ್ತವೆ, ತಲೆ ಎತ್ತಿ ನೋಡುತ್ತವೆ. ಆಗ ಕ್ಯಾಪ್ಟನ್ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಅದು ದೂರ ಹೋಗುವ ತನಕ ಕದಲದೆ ಕಾಯುತ್ತಾರೆ, ಟ್ರಿಪ್ ತಡವಾದರೂ ಸರಿ.

ಸಂಜೆ ಟ್ರಿಪ್ ಬಗ್ಗೆ ನನ್ನ ಆತಂಕ ಇರುವುದು ವಾಪಸ್ ಬರುವ ಹೊತ್ತಿನಲ್ಲಿ. ದೊಡ್ಡವು ಹತ್ತು ಇಪ್ಪತ್ತು ನಿಮಿಷ ಮುಳುಗಿರುತ್ತವೆ, ಮರಿಗೆ ಮೂರರಿಂದ ಐದು ನಿಮಿಷಕ್ಕೊಮ್ಮೆ ಉಸಿರು ಬೇಕು. ಅದು ಒಬ್ಬಂಟಿಯಾಗಿ ಮೇಲೆ ಬಂದು ಹೋಗುತ್ತದೆ, ಉಸಿರೂ ಚಿಕ್ಕದು, ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ. ಬೋಟು ಬಡಿದು ಗಾಯ ಆಗುವುದು ಹವಾಯಿಯಲ್ಲಿ ನಿಜವಾಗಿ ನಡೆಯುವ ಸಂಗತಿ. ಕತ್ತಲಾದ ಮೇಲೆ ನಿಧಾನಕ್ಕೆ ಬರುತ್ತೀರಾ, ಮುಂದೆ ನಿಂತು ನೋಡುವುದಕ್ಕೆ ಒಬ್ಬರನ್ನು ಇಡುತ್ತೀರಾ ಅಂತ ಕೇಳಿ. ಒಳ್ಳೆಯವರು ಈ ಪ್ರಶ್ನೆಗೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ.

ಅಪ್ಪನಿಗೆ ಹೇಳಲು ಇನ್ನಷ್ಟು. ಈಗ ನೀವು ತಿಮಿಂಗಿಲ ನೋಡಲು ಹೋಗುವ ಲಹೈನಾ ಎದುರಿನ ನೀರಿನಲ್ಲೇ 19ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಸಾಲುಗಟ್ಟಿ ಲಂಗರು ಹಾಕುತ್ತಿದ್ದವು. ಮುಂದೆ ಬೇಟೆ ಎಷ್ಟು ಹೆಚ್ಚಿತೆಂದರೆ ಉತ್ತರ ಪೆಸಿಫಿಕ್‌ನಲ್ಲಿ ಹಂಪ್‌ಬ್ಯಾಕ್‌ಗಳೇ ಮುಗಿಯುತ್ತಾ ಬಂದವು, 1966ರಲ್ಲಿ ಅಲ್ಲಿ ಅವುಗಳ ಬೇಟೆಯನ್ನು ನಿಷೇಧಿಸಿದರು. 1992ರಲ್ಲಿ ಈ ಸಮುದ್ರವನ್ನು ಹಂಪ್‌ಬ್ಯಾಕ್‌ಗಳ ರಕ್ಷಿತ ತಾಣ ಮಾಡಿದರು. 2016ರಲ್ಲಿ ಹವಾಯಿಗೆ ಬರುವ ಗುಂಪನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದರು. ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂತಲೂ ಅಲ್ಲ, 2014ರಿಂದ 2016ರ ತನಕ ಉತ್ತರ ಪೆಸಿಫಿಕ್ ಕಾದು ಆಹಾರ ಕಡಿಮೆಯಾದಾಗ ಮತ್ತೆ ಸಾವಿರಾರು ಕಡಿಮೆಯಾದವು.

ನಮ್ಮ ಅರಬ್ಬಿ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳಿವೆ, ಎಷ್ಟೋ ಜನರಿಗೆ ಗೊತ್ತಿಲ್ಲ. ಅವು ಎಲ್ಲಿಗೂ ವಲಸೆ ಹೋಗುವುದಿಲ್ಲ, ಬೇರೆ ಹಂಪ್‌ಬ್ಯಾಕ್‌ಗಳಿಂದ ಸುಮಾರು 70,000 ವರ್ಷದಿಂದ ಬೇರೆಯಾಗಿಯೇ ಉಳಿದಿವೆ ಅಂತ ವಂಶವಾಹಿ ಪರೀಕ್ಷೆ ತೋರಿಸಿದೆ. ಒಮಾನ್ ಕರಾವಳಿಯಲ್ಲಿ ಮಾಡಿದ ಅಂದಾಜಿನಲ್ಲಿ ನೂರೂ ಇಲ್ಲ. ನಾನು ಕಾರವಾರದ ದಂಡೆಯಲ್ಲಿ ನಿಂತು ನೋಡಿರುವುದು ಡಾಲ್ಫಿನ್‌ಗಳನ್ನು ಮಾತ್ರ. ಆ ನೂರರಲ್ಲಿ ಒಂದಾದರೂ ಕಣ್ಣಿಗೆ ಬೀಳಲಿ ಅನ್ನುವುದು ನನ್ನ ದೊಡ್ಡ ಆಸೆ.

ಜಯನಗರ_4ನೇ_ಬ್ಲಾಕ್:

ಅಮೆರಿಕದಲ್ಲಿ ಇಲ್ಲದವರು ಓದುತ್ತಿದ್ದರೆ ಒಂದು ಸಣ್ಣ ಮಾಹಿತಿ. ಬೆಂಗಳೂರಿನಿಂದ ಹತ್ತಿರ ಅಂದರೆ ಶ್ರೀಲಂಕಾದ ಮಿರಿಸ್ಸ. ಅಲ್ಲಿ ಕಾಣುವುದು ನೀಲಿ ತಿಮಿಂಗಿಲ, ನವೆಂಬರಿನಿಂದ ಏಪ್ರಿಲ್ ತನಕ. ಸಂಜೆ ಗಿಂಜೆ ಇಲ್ಲ, ಬೆಳಕು ಹರಿಯುವ ಹೊತ್ತಿಗೇ ಬೋಟು ಹೊರಡುತ್ತದೆ. ತೆರೆದ ಹಿಂದೂ ಮಹಾಸಾಗರ, ಅಲೆ ಜೋರು. ನೀಲಿ ತಿಮಿಂಗಿಲ ಹಂಪ್‌ಬ್ಯಾಕ್ ಹಾಗೆ ಕುಪ್ಪಳಿಸುವುದಿಲ್ಲ, ಉದ್ದದ ಬೆನ್ನು ಜಾರುತ್ತಾ ಹೋಗುವುದೇ ಕಾಣುತ್ತದೆ, ಅದೃಷ್ಟ ಇದ್ದರೆ ಮುಳುಗುವಾಗ ಬಾಲ. ಆದರೆ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ಅಲ್ವಾ ಅದು. ಬೋಟುಗಳು ಒಂದೇ ತಿಮಿಂಗಿಲವನ್ನು ಮುತ್ತುವ ದೃಶ್ಯ ನೋಡಿ ನನಗೆ ಬೇಸರ ಆಯಿತು, ಆದ್ದರಿಂದ ದೂರ ಕಾಯ್ದುಕೊಳ್ಳುವವರನ್ನು ವಿಚಾರಿಸಿ ಹೋಗಿ.

ತೀರ್ಥಹಳ್ಳಿ_ಟು_ಸನಿವೇಲ್:

ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಧನ್ಯವಾದ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಅರಬ್ಬಿ ಸಮುದ್ರದ ವಿಷಯ ಕೇಳಿ ಅವರು ಎರಡು ಸಲ ಓದಿಸಿದರು.

ಈಗಿನ ತೀರ್ಮಾನ: ಎಲ್ಲರೂ ಸೇರಿ ಮಾಲಾಯಾದಿಂದ ಬೆಳಗಿನ ಮೊದಲ ಕ್ಯಾಟಮರಾನ್. ಅಮ್ಮನಿಗೆ ಅದು ಸರಿಹೋದರೆ ಇನ್ನೊಂದು ದಿನ ಸಂಜೆಯದು. ಸಂಜೆಗೆ ಹೆಂಡತಿಯ ಒಂದು ಯೋಚನೆ ಇದೆ. ಐದೇ ಜನ ಇದ್ದೇವಲ್ಲ, ಒಂದು ಚಿಕ್ಕ ಯಾಚನ್ನು ನಮಗೆ ಮಾತ್ರ ಗೊತ್ತು ಮಾಡಿಕೊಂಡರೆ ಹೇಗೆ ಅಂತ. ಪಾರ್ಟಿ ಗಲಾಟೆ ಇರುವುದಿಲ್ಲ, ಬೇಕಾದ ಹೊತ್ತಿಗೆ ಹೊರಡಬಹುದು, ಅಮ್ಮನಿಗೆ ಆಗದಿದ್ದರೆ ವಾಪಸ್ ತಿರುಗಿಸಿ ಅನ್ನಬಹುದು. ಇದು ಒಳ್ಳೆಯದಾ?

ಇನ್ನೊಂದು, ಅಮ್ಮ ಬೆಳಗಿನದಕ್ಕೂ ಬರಲ್ಲ ಅಂದುಬಿಟ್ಟರೆ ಅವರಿಗೆ ತಿಮಿಂಗಿಲ ತೋರಿಸಲು ಬೇರೆ ದಾರಿ ಇದೆಯಾ?

ಕೀಹೇಯ_ಹಳಬ:

ಯಾಚ್ ವಿಷಯ ಮೊದಲು. ಅಮೆರಿಕದಲ್ಲಿ ಚಿಕ್ಕ ಚಾರ್ಟರ್ ಬೋಟುಗಳಲ್ಲಿ ಬಹಳಷ್ಟಕ್ಕೆ ಆರು ಜನ ಪ್ರಯಾಣಿಕರ ಮಿತಿ, ಕೋಸ್ಟ್ ಗಾರ್ಡ್ ನಿಯಮ. ನೀವು ಐದು ಜನ, ಹಾಗಾಗಿ ಸರಿಹೋಗುತ್ತದೆ. ನಿಮ್ಮ ಹೆಂಡತಿ ಹೇಳಿದ ಅನುಕೂಲಗಳೆಲ್ಲ ನಿಜ. ಒಂದೇ ಒಡಲಿನ ಹಾಯಿ ಯಾಚ್ ನೋಡಲು ಚೆಂದ, ಎಂಜಿನ್ ಸದ್ದಿಲ್ಲದೆ ಗಾಳಿಯಲ್ಲೇ ಸಾಗುವಾಗ ತಿಮಿಂಗಿಲ ಉಸಿರು ಬಿಡುವ ಸದ್ದು ಎಷ್ಟೋ ದೂರದಿಂದ ಕೇಳಿಸುತ್ತದೆ. ಆದರೆ ಹಾಯಿ ಬಿಚ್ಚಿದ ಮೇಲೆ ಅದು ಒಂದು ಕಡೆ ವಾಲಿಕೊಂಡೇ ಹೋಗುತ್ತದೆ, ಅದೇ ಅದರ ಸ್ವಭಾವ. ವಾಲಿದ ಡೆಕ್ಕಿನ ಮೇಲೆ ಮಂಡಿ ನೋವಿನವರು ಎದ್ದು ಓಡಾಡುವುದು ಕಷ್ಟ, ಟಾಯ್ಲೆಟ್‌ಗೆ ಕಡಿದಾದ ಮೆಟ್ಟಿಲು ಇಳಿಯಬೇಕು. ಎರಡು ಒಡಲಿನ ಕ್ಯಾಟಮರಾನ್ ಅಷ್ಟು ವಾಲುವುದಿಲ್ಲ. ಚಿಕ್ಕ ಕ್ಯಾಟಮರಾನನ್ನೇ ಚಾರ್ಟರ್ ಕೊಡುವವರಿದ್ದರೆ ಅದನ್ನೇ ಆರಿಸಿ. ರಬ್ಬರ್ ರಾಫ್ಟ್ ಬೋಟುಗಳನ್ನು ಮಾತ್ರ ಯಾರು ಹೇಳಿದರೂ ಅಪ್ಪ ಅಮ್ಮನಿಗೆ ಒಪ್ಪಬೇಡಿ, ಬೆನ್ನಿಗೆ ಪೆಟ್ಟು.

ಸಂಜೆಯನ್ನು ಮುಂಚೆಯೇ ಗಟ್ಟಿ ಮಾಡಿಕೊಳ್ಳುವುದಾದರೆ ಗಾಳಿ ಜಾಸ್ತಿಯಾದ ದಿನ ಬದಲಾಯಿಸಿಕೊಡುತ್ತೀರಾ ಅಂತ ಕೇಳಿ. ಚಳಿಗಾಲದಲ್ಲಿ ಒಮ್ಮೊಮ್ಮೆ ಗಾಳಿ ದಿಕ್ಕು ಬದಲಿಸಿ ದಕ್ಷಿಣದ ಕಡೆಯಿಂದ ಬೀಸುತ್ತದೆ, ಅದಕ್ಕೆ ಕೋನಾ ಗಾಳಿ ಅನ್ನುತ್ತಾರೆ. ಆಗ ಕಾನಾಪಲಿಯ ಕಡೆಯೂ ನೆಮ್ಮದಿ ಇರುವುದಿಲ್ಲ. ಬಂದ ದಿನಗಳ ಕೊನೆಗೆ ಇಡಬೇಡಿ, ಮುಂಚೆ ಇಟ್ಟರೆ ಮುಂದೂಡಲು ಜಾಗ ಇರುತ್ತದೆ.

ಸನ್‌ಸ್ಕ್ರೀನ್ ಇಲ್ಲಿಂದಲೇ ಒಯ್ಯುವಿರಾದರೆ ಖನಿಜದ್ದನ್ನೇ, ಅಂದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದನ್ನೇ ತೆಗೆದುಕೊಳ್ಳಿ. ಹವಳಕ್ಕೆ ಕೆಟ್ಟದು ಅಂತ ಉಳಿದವನ್ನು ಮೌಯಿಯಲ್ಲಿ 2022ರಿಂದ ನಿಷೇಧಿಸಿದ್ದಾರೆ. ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಪ್ರತಿಫಲನ ಕಡಿಮೆಯಾಗಿ ಅಡಿಯಲ್ಲಿ ಸಾಗುವ ತಿಮಿಂಗಿಲದ ಉದ್ದನೆ ಬಿಳಿ ರೆಕ್ಕೆ ತಿಳಿ ಹಸಿರಾಗಿ ಕಾಣುತ್ತದೆ. ಮೇಲೆ ಬರುವ ಮುಂಚೆ ಅದೇ ಸೂಚನೆ.

ಅಮ್ಮ ಬೋಟು ಹತ್ತದಿದ್ದರೂ ಚಿಂತೆ ಬೇಡ, ಫೆಬ್ರವರಿಯಲ್ಲಿ ಮೌಯಿಯ ದಂಡೆಯಿಂದಲೇ ತಿಮಿಂಗಿಲ ಕಾಣುತ್ತದೆ. ಕೀಹೇಯ ಯಾವ ಬೀಚಿನಲ್ಲಾದರೂ ಬೆಳಿಗ್ಗೆ ಕುರ್ಚಿ ಹಾಕಿ ಕೂತು ದೂರದಲ್ಲಿ ಬಿಳಿ ಹಬೆ ಏಳುವುದನ್ನು ನೋಡುತ್ತಿರಿ. ಎದ್ದ ಕಡೆಗೇ ದುರ್ಬೀನು ಇಟ್ಟು ಕಾದರೆ ಮತ್ತೆ ಅಲ್ಲೇ ಸ್ವಲ್ಪ ಆಚೀಚೆ ಏಳುತ್ತದೆ. ಮಗಳಿಗೆ ಈಜು ಬಂದರೆ ಲೈಫ್ ಜಾಕೆಟ್ ಹಾಕಿ, ನೀವು ಪಕ್ಕದಲ್ಲೇ ಇದ್ದು, ಶಾಂತ ನೀರಿನಲ್ಲಿ ಕಿವಿ ಮುಳುಗಿಸಿ ಸುಮ್ಮನಿರಲು ಹೇಳಿ. ಹೈಡ್ರೋಫೋನ್ ಇಲ್ಲದೆಯೇ ಹಾಡು ಕೇಳಿಸುತ್ತದೆ.

ಎಲ್ಲಕ್ಕಿಂತ ಒಳ್ಳೆ ಜಾಗ ಮಾಲಾಯಾದಿಂದ ಲಹೈನಾಗೆ ಹೋಗುವ ರಸ್ತೆಯಲ್ಲಿರುವ ಪಾಪವಾಯಿ ಪಾಯಿಂಟ್. ಬಂಡೆಯ ಮೇಲಿನ ಎತ್ತರದ ಜಾಗ, ಕೆಳಗೇ ಸಮುದ್ರ, ಕಾರು ನಿಲ್ಲಿಸಿ ಕಾರಿನ ಪಕ್ಕದಲ್ಲೇ ನಿಂತು ನೋಡಬಹುದು, ಹತ್ತುವ ಇಳಿಯುವ ಕೆಲಸ ಕಡಿಮೆ. ಗಾಳಿ ಮಾತ್ರ ಜೋರು, ಅಮ್ಮನಿಗೆ ತಲೆಗೆ ಸ್ಕಾರ್ಫ್ ಕಟ್ಟಿ. ಹೋಗುವಾಗ ಸಮುದ್ರ ಎಡಗಡೆ ಇರುತ್ತದೆ, ಎದುರು ಬರುವ ಗಾಡಿಗಳನ್ನು ದಾಟಿ ಎಡಕ್ಕೆ ತಿರುಗಿಸಲು ಹೋಗಬೇಡಿ, ಆ ರಸ್ತೆ ತಿರುವು ಜಾಸ್ತಿ, ಗಾಡಿಗಳು ವೇಗವಾಗಿ ಬರುತ್ತವೆ. ಲಹೈನಾ ಕಡೆಯಿಂದ ವಾಪಸ್ ಬರುವಾಗ ಅದು ಬಲಗಡೆಗೇ ಸಿಗುತ್ತದೆ, ಆಗ ನಿಲ್ಲಿಸಿ.